ತ್ರೀ ಫೇಸ್ ಬಂದಾಗ ಸಿಕ್ಕಿಬಿದ್ದ ಚಿಪ್

ವಿಮಾನದ ಎಂಜಿನ್ ಎಷ್ಟು ಕಾದಿದೆ ಎಂದು ಪೈಲಟ್‌ಗೆ ತೋರಿಸುವ ಪುಟ್ಟ ಪೆಟ್ಟಿಗೆಗೆ ಮೈಕ್ರೋಕಂಟ್ರೋಲರ್ ಚಿಪ್ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ಸಲ ಸಿಕ್ಕ ಸ್ವಂತ ತೀರ್ಮಾನ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೊನೆಗೆ ಎರಡು ಚಿಪ್ ಉಳಿದವು. ಒಂದು ಹೊಸದು, ಬಲು ಚುರುಕು. ಇನ್ನೊಂದು ಹಳೆಯದು, ನಿಧಾನ. ನನಗೆ ಹೊಸದರ ಹುಚ್ಚು. ಹಳೆಯದೇ ಇರಲಿ ಎಂದ ಮೇಲಧಿಕಾರಿ ಮೇಡಂ ಜೊತೆ ಮೀಟಿಂಗಿನಲ್ಲೇ ವಾದಕ್ಕಿಳಿದು, ಸೋಮವಾರ ಸಾಬೀತು ಮಾಡುತ್ತೇನೆಂದು ಹಠ ಹಿಡಿದು ನಮ್ಮೂರು ಕಡೂರಿಗೆ ಬಂದಿದ್ದೆ.

ಭಾನುವಾರ ಬೆಳಿಗ್ಗೆ ಹಿರೇನಲ್ಲೂರಿನ ಚಿಕ್ಕಪ್ಪನ ತೆಂಗಿನ ತೋಟಕ್ಕೆ ಹೊರಟಾಗಲೂ ಆ ಚಿಪ್ಪುಗಳನ್ನು ಕೂರಿಸಿದ ಎರಡೂ ಬೋರ್ಡ್ ಬ್ಯಾಗಿನಲ್ಲಿದ್ದವು. ಮೋಟರ್ ಮನೆಯಲ್ಲಿ ಒಂದೇ ಅಡಾಪ್ಟರಿಗೆ ಎರಡನ್ನೂ ಜೋಡಿಸಿದೆ. ಎರಡರ ಪರದೆಯಲ್ಲೂ ಆ ಕೋಣೆಯ ಶಾಖದ ಅಂಕಿ ಮೂಡಿತು.

"ವಿಮಾನ ಹಾರ್ಸಕ್ಕೆ ನಮ್ ಮೋಟ್ರು ಮನೇನೇ ಬೇಕಿತ್ತೇನೇ?" ಎಂದು ಚಿಕ್ಕಪ್ಪ ಛೇಡಿಸಿದರು.

ನಾನೊಂದು ವಿಷಯ ಮರೆತಿದ್ದೆ. ನಮ್ಮ ಕಡೆ ಕರೆಂಟಿಗಾಗಿ ಯಾರೂ ತೋಟದಲ್ಲಿ ಕಾಯುವುದಿಲ್ಲ. ಮೋಟರ್ ತಾನೇ ಶುರುವಾಗಲೆಂದು ಸ್ಟಾರ್ಟರನ್ನು ಆಟೋಗೆ ಬಿಟ್ಟು ಮನೆಗೆ ಹೋಗುತ್ತಾರೆ. ಪಂಪಿನ ತ್ರೀ ಫೇಸ್ ಕರೆಂಟ್ ಬಂದದ್ದೇ ತಡ, ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಒಟ್ಟಿಗೇ ಶುರುವಾದವು. ಮೋಟರ್ ಮನೆಯ ಬಲ್ಬು ಮಂಕಾಗಿ, ಕೆಂಪಗಾಗಿ, ಮತ್ತೆ ಬೆಳಗಿತು. ಹಳೆಯ ಚಿಪ್ಪಿನ ಪರದೆ ಆರಿಹೋಗಿ ಮೊದಲಿನಿಂದ ಶುರುವಾಯಿತು. ಹೊಸದು ಅಲುಗಲೇ ಇಲ್ಲ.

"ನೋಡಿ ಚಿಕ್ಕಪ್ಪ, ನಂದೇ ಗೆದ್ದಿದ್ದು" ಎಂದು ಕುಣಿದೆ.

ಅದೇ ಖುಷಿಯಲ್ಲಿ ಶಾಖ ಅಳೆಯುವ ಎರಡರ ಸೆನ್ಸರನ್ನೂ ಬೆರಳಲ್ಲಿ ಹಿಡಿದೆ. ಹಳೆಯದರ ಅಂಕಿ ಏರತೊಡಗಿತು. ಹೊಸದರದ್ದು ಇದ್ದಲ್ಲೇ ಇತ್ತು. ಮುಷ್ಟಿಯಲ್ಲಿ ಒತ್ತಿ ಹಿಡಿದೆ, ಬಿಸಿಯುಸಿರು ಊದಿದೆ. ಊಹೂಂ. ಕರೆಂಟ್ ಕುಸಿದಾಗಲೇ ಅದು ನಿಂತುಹೋಗಿತ್ತು. ನಿಂತದ್ದನ್ನು ಮುಚ್ಚಿಟ್ಟು ಮುಂಚಿನ ಅಂಕಿಯನ್ನೇ ತೋರಿಸುತ್ತಿತ್ತು. ವಿಮಾನದ ಎಂಜಿನ್ ಶುರು ಮಾಡುವಾಗ ಬ್ಯಾಟರಿಯೂ ಹೀಗೇ ಕುಸಿಯುತ್ತದೆ. ಆಮೇಲೆ ಎಂಜಿನ್ ಎಷ್ಟೇ ಕಾದರೂ ಪೈಲಟ್‌ಗೆ ಕಾಣುವುದು ಆ ನಿಂತ ಅಂಕಿಯೇ.

ಹೊಸದನ್ನು ಕಳಚಿ ಮತ್ತೆ ಜೋಡಿಸಿದೆ. "ಚಿಕ್ಕಪ್ಪ, ಇನ್ನೊಂದ್ಸಲ ಮೋಟ್ರು ಆಫ್ ಮಾಡಿ ಆನ್ ಮಾಡಿ."

"ಮೋಟ್ರು ಸುಟ್ಟೋದ್ರೆ ನಿಮ್ ವಿಮಾನದೋರು ವೈಂಡಿಂಗ್ ಕಟ್ಟಿಸ್ಕೊಡ್ತಾರೇನೇ?" ಗೊಣಗುತ್ತಲೇ ಮಾಡಿದರು. ಮತ್ತೆ ಅದೇ ಕಥೆ.

ಸೋತು ಮುಖ ಸಪ್ಪಗಾಗಬೇಕಿತ್ತು, ನನಗೋ ಚಿಪ್ಪಿನ ಕಳ್ಳಾಟ ಹಿಡಿದ ಸಂಭ್ರಮ ತಡೆಯಲಾಗಲಿಲ್ಲ. ಸೋಮವಾರದವರೆಗೆ ಯಾರು ಕಾಯುತ್ತಾರೆ? ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿ, ಕರೆಂಟ್ ಕುಸಿದ ಕಥೆ ಹೇಳಿ, "ಹಳೇದೇ ಇರ್ಲಿ ಮೇಡಂ" ಎಂದೆ.

"ಯಾಕೆ, ನಿನ್ನ ಹೊಸದು ಆಫ್ ಆಗ್ಬಿಡ್ತಾ?"

"ಇಲ್ಲ ಮೇಡಂ. ಆಫ್ ಆಗಿದ್ದಿದ್ರೆ ಅದನ್ನೇ ತಗೋತಿದ್ದೆ."