ಮೀನು ತಿನ್ನದ ಆಂಟಿಯ ಗಾಳ

ಭಾನುವಾರ ಬೆಳಿಗ್ಗೆ ವಿಜಯನಗರದ ನಮ್ಮ ಮನೆಯ ನಡುಮನೆಯಲ್ಲಿ ನಾವು ಮೂವರೇ ಇದ್ದೆವು. ಅತ್ತೆ ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದರು. ನಮ್ಮನೆಯವರು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿದ್ದರು. ನಾನು ಒಲೆಯ ಮೇಲಿನ ಸಂಡಿಗೆ ಹಿಟ್ಟಿಗೂ ನಡುಮನೆಗೂ ಓಡಾಡುತ್ತಿದ್ದೆ. ಮಹಡಿಯ ಮೇಲೆ ಸಂಡಿಗೆ ಇಡಲು ಅತ್ತೆಗೊಂದು ಹಳೆಯ ಸೀರೆ ಬೇಕಿತ್ತು. ಬಟ್ಟೆಗಳ ಅಡಿಯಿಂದ ಅವರು ಗಿಳಿಹಸಿರು ಬಣ್ಣದ ವಾಯಿಲ್ ಸೀರೆಯೊಂದನ್ನು ಎಳೆದಾಗ ನುಸಿಗುಳಿಗೆಯ ವಾಸನೆ ಕೋಣೆಯೆಲ್ಲ ಹರಡಿತು. ಸೀರೆಯ ಒಂದು ಅಂಚನ್ನು ಕಂಬಿ ತೂರಿಸುವಷ್ಟು ಅಗಲಕ್ಕೆ ಮಡಿಸಿ ಹೊಲಿಯಲಾಗಿತ್ತು.

"ಇದ್ಯಾವ ಸೀರೆನೇ? ಹಿಂಗ್ಯಾಕೆ ಹೊಲ್ದಿದೀಯ?" ಎಂದರು ಅತ್ತೆ.

ನಮ್ಮನೆಯವರು ತಲೆ ಎತ್ತಿ ನೋಡಿದರು. "ಅದು ಸೀರೆ ಅಲ್ಲಮ್ಮ, ಕೋಟೆ ಗೋಡೆ."

ಅತ್ತೆ ನನ್ನ ಮುಖ ನೋಡಿದರು. ನಾನು ಸೌಟು ಹಿಡಿದುಕೊಂಡೇ ಅಲ್ಲಿ ಕೂತುಬಿಟ್ಟೆ. ಆ ನುಸಿಗುಳಿಗೆಯ ವಾಸನೆಯ ಕೆಳಗೆ ಎಲ್ಲೋ ಗೋಧಿಹಿಟ್ಟಿನ ವಾಸನೆ ಇನ್ನೂ ಇದೆ ಅನಿಸಿತು… ಇರಲಿಕ್ಕಿಲ್ಲ. ಆದರೂ ಅನಿಸಿತು.

ಹೊಸಹಳ್ಳಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ, ನಾವೆಲ್ಲ ಆಂಟಿ ಎಂದು ಕರೆಯುತ್ತಿದ್ದವರ ಬ್ರೌಸಿಂಗ್ ಸೆಂಟರ್ ಇತ್ತು. ಹೊರಗೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಕೆಳಗಿನಿಂದ ಹಿಟ್ಟಿನ ಪುಡಿ ಎದ್ದು, ಹೊರಗಿನಿಂದ ಸಿಮೆಂಟಿನ ಧೂಳು ಬಂದು, ಎರಡೂ ಕೀಬೋರ್ಡಿನ ಮೇಲೆ ಕೂರುತ್ತಿದ್ದವು. ಆಂಟಿ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು, ಕೆಲಸದಿಂದ ಬೇಗ ನಿವೃತ್ತಿ ತೆಗೆದುಕೊಂಡು ಈ ಸೆಂಟರ್ ತೆಗೆದಿದ್ದರು. ಬಾಗಿಲ ಪಕ್ಕದಲ್ಲೇ ಅವರ ಮೇಜು. ಹಣೆಯ ತುಂಬ ಕುಂಕುಮ, ಕನ್ನಡಕಕ್ಕೆ ದಾರ, ಕೈಯಲ್ಲಿ ಸದಾ ಒಂದು ಧೂಳು ಒರೆಸುವ ಬಟ್ಟೆ. ಅವರು ಅಲ್ಲಿ ಕೂತಿರುತ್ತಾರೆ ಎಂಬ ಒಂದೇ ಕಾರಣಕ್ಕೆ ನಮ್ಮಮ್ಮ ನನ್ನನ್ನು ಅಲ್ಲಿಗೆ ಬಿಡುತ್ತಿದ್ದಳು. ನಾನಾಗ ಗಾರ್ಮೆಂಟ್ಸ್ ಒಂದರಲ್ಲಿ ಬಟ್ಟೆ ತಪಾಸಣೆ ಮಾಡುವ ಕೆಲಸಕ್ಕೆ ಸೇರಿದ್ದೆ. ವಾರವಿಡೀ ಹೊಲಿಗೆ ನೋಡಿ ನೋಡಿ ಸಾಕಾದ ಕಣ್ಣಿಗೆ ಭಾನುವಾರ ಅಲ್ಲಿ ಆಡುತ್ತಿದ್ದ ಆನ್‌ಲೈನ್ ಆಟವೇ ಹಬ್ಬ.

ಆ ಆಟ ಇವತ್ತಿಗೂ ನಡೆಯುತ್ತಿದೆ. ಡ್ರ್ಯಾಗನ್ನು, ಮಂತ್ರ, ಕತ್ತಿ, ಕುದುರೆಗಳ ಒಂದು ದೊಡ್ಡ ಲೋಕ. ಅಲ್ಲಿ ಎರಡು ರಾಜ್ಯ, ಒಂದಕ್ಕೆ ಕೆಂಪು ಬಾವುಟ, ಇನ್ನೊಂದಕ್ಕೆ ನೀಲಿ. ಸೇರುವಾಗಲೇ ಒಂದು ಕಡೆ ಆರಿಸಿಕೊಳ್ಳಬೇಕು. ಆಮೇಲೆ ಇನ್ನೊಂದು ಕಡೆಯವರು ಶತ್ರುಗಳು. ಅವರು ಏನು ಬರೆದರೂ ನಮ್ಮ ಸ್ಕ್ರೀನಿನ ಮೇಲೆ ಅರ್ಥವಿಲ್ಲದ ಅಕ್ಷರಗಳ ಗೋಜಲಾಗಿ ಬೀಳುತ್ತಿತ್ತು. ನಮ್ಮ ಕಡೆಯವರನ್ನು ಮಾತ್ರ ಹೊಡೆಯಲು ಆಗುತ್ತಿರಲಿಲ್ಲ. ಹೊಡೆದರೂ ಕತ್ತಿ ಗಾಳಿಯಲ್ಲಿ ಬೀಸಿದ ಹಾಗೆ ಹಾದುಹೋಗುತ್ತಿತ್ತು.

ಸೆಂಟರಿನಲ್ಲಿ ರಸ್ತೆ ಬದಿಯ ಸಾಲು ಕೆಂಪಿನವರದು. ನಾವು ಹೊಸಹಳ್ಳಿಯ ನಾಲ್ಕಾರು ಜನ. ಮೆಟ್ಟಿಲ ಬದಿಯ ಸಾಲು ನೀಲಿಯವರದು. ಅವರು ನಂದಿನಿ ಲೇಔಟಿನಿಂದ ಬಸ್ಸು ಹಿಡಿದು ಬರುತ್ತಿದ್ದರು. ಕರೆಂಟು ಹೋದರೂ ಆಂಟಿಯ ಯುಪಿಎಸ್ ಗಟ್ಟಿ ಎಂಬ ಖ್ಯಾತಿ ಅಲ್ಲಿವರೆಗೂ ಹಬ್ಬಿತ್ತು. ಆ ಸಾಲಿನ ಮುಂದಾಳು ಒಬ್ಬ ತೆಳ್ಳಗಿನ, ಬಾಯಿ ಜೋರಿನ ಹುಡುಗ. ಅವರೇ ಈಗ ನಮ್ಮನೆಯವರು.

ಎರಡೂ ಸಾಲಿನವರು ಒಬ್ಬರ ಸ್ಕ್ರೀನನ್ನು ಒಬ್ಬರು ಕದ್ದು ನೋಡುತ್ತಿದ್ದೆವು.

"ಆಂಟಿ, ಇವ್ಳು ನೀರು ಕುಡಿಯೋ ನೆಪದಲ್ಲಿ ಬಂದು ನಮ್ ಮ್ಯಾಪ್ ನೋಡ್ಕೊಂಡ್ ಹೋದ್ಲು!"

"ನಿನ್ ಮ್ಯಾಪ್ ನೋಡಿ ಏನ್ ಮಾಡ್ಲಿ ಗುರು? ನಿಂಗೇ ದಾರಿ ಗೊತ್ತಿಲ್ಲ" ಎನ್ನುತ್ತಿದ್ದೆ ನಾನು.

ಒಂದು ದಿನ ಆಂಟಿ ಮನೆಯಿಂದ ಈ ಗಿಳಿಹಸಿರು ಸೀರೆ ತಂದು, ಅಂಚು ಹೊಲಿದು, ಕಂಬಿಗೆ ತೂರಿಸಿ ಎರಡು ಸಾಲಿನ ನಡುವೆ ಎಳೆದರು. "ಜಗಳ ಎಲ್ಲಾ ಕಂಪ್ಯೂಟರ್ ಒಳಗೆ. ಪರದೆ ದಾಟಿ ಈಚೆಗೆ ಬಂದ್ರೆ ಬಾಗಿಲು ತೋರಿಸ್ತೀನಿ" ಎಂದರು. ಅಂದಿನಿಂದ ಯುದ್ಧ ನಡೆಯುವಾಗ ಪರದೆ ಸರಿಸಬಾರದು ಎಂಬುದು ಸೆಂಟರಿನ ಕಟ್ಟಳೆ ಆಯಿತು. ಯುದ್ಧ ಮುಗಿದ ಮೇಲೆ ಆಂಟಿಯೇ ಎದ್ದು ಪರದೆ ಸರಿಸುತ್ತಿದ್ದರು. ಆಗ ಎರಡೂ ಸಾಲಿಗೂ ಚಹಾ.

ಆಂಟಿ ಆಟಕ್ಕೆ ಇಳಿದಿದ್ದು ಹೇಗೆಂದರೆ… ಒಂದು ಮಧ್ಯಾಹ್ನ ನೀಲಿ ಸಾಲಿನ ಗಲಾಟೆ ಬಿಡಿಸಲು ಹೋದವರು ಸ್ಕ್ರೀನಿನ ಮುಂದೆ ನಿಂತುಬಿಟ್ಟರು. ಎರಡು ರಾಜ್ಯದ ಗಡಿಯಲ್ಲಿ ಒಂದು ಹೊಳೆ ಹರಿಯುತ್ತಿತ್ತು, ಅದಕ್ಕೊಂದು ಕಲ್ಲಿನ ಸೇತುವೆ. ಕನ್ನಡಕ ಸರಿಮಾಡಿಕೊಂಡು ನೋಡಿ, "ನಾನು ಸಣ್ಣೋಳಿದ್ದಾಗ ಕೆಂಗೇರಿ ಹತ್ರ ನಮ್ ವೃಷಭಾವತಿ ಹಿಂಗೇ ಇತ್ತು ಕಣ್ರೋ. ತಳದ ಕಲ್ಲು ಕಾಣ್ತಿತ್ತು" ಎಂದರು. ಯಾರೂ ನಗಲಿಲ್ಲ. ಆ ಹೊಳೆ ಈಗ ಹೇಗೆ ನಾರುತ್ತದೆಂದು ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿಕೊಂಡು ಓಡಾಡಿದ ನಮಗೆಲ್ಲ ಗೊತ್ತಿತ್ತು. ನೀಲಿ ಮುಂದಾಳು ತಾನು ಬಳಸದೆ ಬಿಟ್ಟಿದ್ದ ನೀಲಿ ಕಡೆಯ ಒಂದು ಪಾತ್ರವನ್ನು ಆಂಟಿಯ ಮೇಜಿನ ಕಂಪ್ಯೂಟರಿನಲ್ಲಿ ತೆರೆದು, ಕೈಗೊಂದು ಗಾಳ ಕೊಟ್ಟು, ಸೇತುವೆಯ ಕಟ್ಟೆಯ ಮೇಲೆ ಕೂರಿಸಿಕೊಟ್ಟ.

ಅಲ್ಲಿಂದ ಆಂಟಿ ಬಿಡುವಾದಾಗಲೆಲ್ಲ ಮೀನು ಹಿಡಿಯತೊಡಗಿದರು.

"ಆಂಟಿ, ಮನೇಲಿ ಮೊಟ್ಟೆ ಕೂಡ ಒಳಗೆ ಬಿಡಲ್ಲ ಅಂತೀರ. ಇಲ್ಲಿ ನೋಡಿದ್ರೆ ಮೀನು?"

"ಹಿಡಿದು ವಾಪಸ್ ಬಿಡ್ತೀನಿ ಕಣೇ. ತಿಂತೀನಾ?"

ಗಡಿ ಅಂದ ಮೇಲೆ ಅಲ್ಲಿ ಕೆಂಪಿನವರು ನೀಲಿಯವರನ್ನು ಕಂಡರೆ ಕಡಿಯಬೇಕು, ಆಟವೇ ಹಾಗಿತ್ತು. ಆದರೆ ನಾವು ಯಾರೂ ಆಂಟಿಯನ್ನು ಮುಟ್ಟುತ್ತಿರಲಿಲ್ಲ. ಬರಬರುತ್ತಾ, ಆಂಟಿ ಕೂತಿರುವಾಗ ಅವರ ಕಣ್ಣಳತೆಯಲ್ಲಿ ಯಾರೂ ಯಾರನ್ನೂ ಹೊಡೆಯುವುದು ಬೇಡ ಅನ್ನುವ ಮಾತಾಯಿತು. ನಾನೂ ನೀಲಿ ಮುಂದಾಳೂ ಸೇತುವೆಯ ಮೇಲೆ ಎದುರುಬದುರಾದರೆ ಕತ್ತಿ ಒರೆಗೆ ಹಾಕಿ ಪಕ್ಕಪಕ್ಕದಲ್ಲೇ ಹಾದುಹೋಗುತ್ತಿದ್ದೆವು. ಅವನೇನೋ ಬರೆಯುತ್ತಿದ್ದ, ನನಗೆ ಗೋಜಲಾಗಿ ಕಾಣುತ್ತಿತ್ತು. ಬೈದಿರಬೇಕು ಅಂದುಕೊಂಡು ನಾನೂ ಒಂದು ಬೈಗುಳ ಬರೆದು ಮುಂದೆ ಹೋಗುತ್ತಿದ್ದೆ.

ಆಟದಲ್ಲಿ ನಾನು ಕೆಂಪಿನ ಒಂದು ದೊಡ್ಡ ಪಡೆಗೆ ಸೇರಿದ್ದೆ. ಬೇರೆ ಬೇರೆ ಊರಿನ ನೂರಾರು ಜನರ ಪಡೆ ಅದು. ನಾಯಕ ಯಾರೋ, ಹೆಡ್‌ಫೋನಿನಲ್ಲಿ ದನಿ ಮಾತ್ರ ಗೊತ್ತು. ಅಲ್ಲಿ ಹಂತ ಹಂತವಾಗಿ ಏರಲು ನನಗೆ ಎಷ್ಟೋ ಭಾನುವಾರಗಳು ಬೇಕಾದವು. ಕೊನೆಗೊಮ್ಮೆ ನೀಲಿಯವರ ದೊಡ್ಡ ಕೋಟೆಗೆ ಮುತ್ತಿಗೆ ಹಾಕುವ ದಿನ ಮುಂಚೂಣಿಯ ದಳ ನನಗೆ ಸಿಕ್ಕಿತು. ಗಾರ್ಮೆಂಟ್ಸ್‌ನಲ್ಲಿ ನನ್ನ ಮಾತಿಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಲ್ಲಿ ನಾನು ಹೊರಡಿ ಅಂದರೆ ಅಷ್ಟು ಕುದುರೆಗಳು ಹೊರಡುತ್ತಿದ್ದವು. ಆ ಖುಷಿಯೇ ಬೇರೆ.

ಅವತ್ತು ಮುತ್ತಿಗೆ ಇನ್ನೇನು ಶುರುವಾಗಬೇಕು, ಆಂಟಿಯ ಮೇಜಿನಿಂದ "ಅಯ್ಯೋ" ಎಂಬ ದನಿ ಬಂತು. ತಿರುಗಿ ನೋಡಿದೆ. ನಮ್ಮ ಪಡೆಯದೇ ಬೇರೆ ಊರಿನ ದಳವೊಂದು ಸೇತುವೆ ದಾಟುವಾಗ ಆಂಟಿಯನ್ನು ಕಡಿದು ಹಾಕಿತ್ತು. ಸತ್ತವರು ಅದೇ ಜಾಗದಲ್ಲಿ ಮತ್ತೆ ಏಳುವುದು ಆಟದ ನಿಯಮ. ಆಂಟಿ ಎದ್ದರು, ಆ ದಳದವರು ಮತ್ತೆ ಕಡಿದರು. ಮತ್ತೆ ಎದ್ದರು, ಮತ್ತೆ ಕಡಿದರು. ಕಡಿಯುವವರಿಗೆ ಅದೊಂದು ಮೋಜಾಗಿತ್ತು. ಆಂಟಿ ಮೊದಲು ನಕ್ಕರು. ಆಮೇಲೆ ನಗು ನಿಂತಿತು. "ಏನ್ರೋ ಇದು, ನಾನೇನ್ ಮಾಡ್ದೆ?" ಎಂದು ಸ್ಕ್ರೀನಿಗೇ ಕೇಳಿದರು, ಮೌಸಿನಿಂದ ಕೈ ತೆಗೆಯದೆ.

ನಾನು ಕುದುರೆ ತಿರುಗಿಸಿ ಸೇತುವೆಗೆ ಓಡಿದೆ. ಕತ್ತಿ ಬೀಸಿದೆ. ಅವರು ನಮ್ಮ ಕಡೆಯವರು, ಕತ್ತಿ ತಾಗಲಿಲ್ಲ! ಅವರ ನಡುವೆ ನಿಂತು ಗಾಳಿ ಕಡಿಯುತ್ತಿದ್ದೆ, ಅಷ್ಟೇ. ಬಿಟ್ಟುಬಿಡಿ ಎಂದು ಬರೆದರೆ ನಗುವಿನ ಗುರುತುಗಳನ್ನು ಕಳಿಸಿದರು. ಹೆಡ್‌ಫೋನಿನಲ್ಲಿ ನಾಯಕ ಕೋಟೆಗೆ ಬಾ, ಕೋಟೆಗೆ ಬಾ ಎಂದು ಕೂಗುತ್ತಿದ್ದ.

ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಎದ್ದು ಹೋಗಿ ಪರದೆ ಸರಿಸಿದೆ. ಕಂಬಿಯ ಮೇಲೆ ಸೀರೆ ಜಾರಿದ ಸದ್ದಿಗೆ ನೀಲಿ ಸಾಲಿನವರೆಲ್ಲ ಒಟ್ಟಿಗೆ ತಿರುಗಿದರು.

"ಕೋಟೆ ಬಿಟ್ಟು ಸೇತುವೆಗೆ ಬನ್ರೋ! ನಮ್ಮೋರು ಆಂಟೀನ ಹೊಡೀತಿದಾರೆ. ನನ್ ಕೈಲಿ ಆಗ್ತಿಲ್ಲ."

"ಏನಮ್ಮ, ಇದು ಹೊಸ ಪ್ಲಾನಾ?" ಎಂದ ಮುಂದಾಳು. "ನಾವ್ ಆ ಕಡೆ ಹೋಗೋದು, ನೀವು ಈ ಕಡೆ ನುಗ್ಗೋದು?"

"ನಿನ್ನಾಣೆ ಅಲ್ಲ ಕಣೋ. ಬೇಕಾದ್ರೆ ಆಂಟಿ ಮುಖ ನೋಡು."

ಅವನು ಕತ್ತು ಚಾಚಿ ಬಾಗಿಲ ಕಡೆ ನೋಡಿದ. ತನ್ನ ಸಾಲಿನ ಕಡೆ ತಿರುಗಿದ. "ಮಗಾ, ಎಲ್ರೂ ಸೇತುವೆಗೆ" ಅಂದ.

ಬಂದರು. ನಮ್ಮವರು ಎಲ್ಲೆಲ್ಲಿ ಅಡಗಿದ್ದಾರೆಂದು ನಾನೇ ಅವನ ಕುರ್ಚಿಯ ಹಿಂದೆ ನಿಂತು ತೋರಿಸಿದೆ. ಸೇತುವೆ ಖಾಲಿಯಾಯಿತು. ಆಂಟಿ ಎದ್ದು, ಕಟ್ಟೆಯ ಮೇಲೆ ಕೂತು, ಗಾಳ ನೀರಿಗೆ ಬಿಟ್ಟರು. ಅಷ್ಟರಲ್ಲಿ ಕಾವಲಿಲ್ಲದ ನೀಲಿ ಕೋಟೆ ಬಿತ್ತು. ನನ್ನ ಪಡೆಯವರು ಗೆದ್ದರು. ಗೆದ್ದ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ, ದ್ರೋಹಿ ಎಂದು ನನ್ನ ಹೆಸರನ್ನು ಪಡೆಯಿಂದ ತೆಗೆದುಹಾಕಿದ್ದು.

ಆಂಟಿಗೆ ವಿಷಯ ತಿಳಿದಾಗ ಇಬ್ಬರಿಗೂ ಬೈಗುಳ ಬಿತ್ತು. "ಒಂದು ಮೀನಿಗೋಸ್ಕರ ನೀನು ಕೋಟೆ ಕಳ್ಕೊಂಡೆ, ನೀನು ನಾಯಕಿ ಪಟ್ಟ ಕಳ್ಕೊಂಡೆ. ಬುದ್ಧಿ ಎಲ್ಲಿಟ್ಟಿದೀರ?" ಎಂದು ಧೂಳಿನ ಬಟ್ಟೆಯಲ್ಲಿ ಮೇಜು ಒರೆಸಿದರು, ಮತ್ತೆ ಒರೆಸಿದರು. ಅವರ ಕಣ್ಣು ಒದ್ದೆಯಾಗಿತ್ತು ಅಂತ ನಾನು ಹೇಳುತ್ತೇನೆ. ಹಿಟ್ಟಿನ ಧೂಳು ಅಂತ ನಮ್ಮನೆಯವರು ಹೇಳುತ್ತಾರೆ. ಇವತ್ತಿಗೂ ತೀರ್ಮಾನವಾಗಿಲ್ಲ.

ಅವತ್ತು ಚಹಾದ ಜೊತೆ ಮೊಸರವಲಕ್ಕಿಯೂ ಬಂತು. ತಿನ್ನುವಾಗ ನಾನು, "ಇನ್ಮೇಲೆ ಈ ಪರದೆ ಯಾಕೆ ಆಂಟಿ? ತೆಗೆದುಬಿಡಿ" ಎಂದೆ. ನೀಲಿ ಸಾಲಿನವರೂ ಹೌದು ಹೌದು ಅಂದರು. ಆಂಟಿ ಪರದೆಯನ್ನು ಎಳೆದು ನೆರಿಗೆ ಸರಿಮಾಡಿದರು.

"ಇರ್ಲಿ ಬಿಡೇ. ಇದು ಇತ್ತು ಅಂತ ತಾನೇ ಇವತ್ತು ನೀನು ಸರಿಸಿದ್ದು? ಇಲ್ದಿದ್ರೆ ಏನ್ ಸರಿಸ್ತಿದ್ದೆ?"

ಮುಂದಿನ ಭಾನುವಾರ ಪರದೆ ಎಂದಿನಂತೆ ಇತ್ತು, ಯುದ್ಧವೂ ಎಂದಿನಂತೆ ನಡೆಯಿತು. ನಾನು ಒಂದು ಸಣ್ಣ ಪಡೆ ಸೇರಿ ಮೊದಲಿನಿಂದ ಶುರುಮಾಡಿದೆ. ನೀಲಿ ಮುಂದಾಳು ನನ್ನನ್ನು ಸ್ವಲ್ಪವೂ ಕನಿಕರವಿಲ್ಲದೆ ಸೋಲಿಸಿದ. ಅದೇ ನನಗೆ ಇಷ್ಟವಾಯಿತು ಅನಿಸುತ್ತದೆ…

ಎಲ್ಲರ ಕೈಗೂ ಇಂಟರ್ನೆಟ್ ಬಂದ ಮೇಲೆ ಸೆಂಟರ್ ಮುಚ್ಚಿತು. ನಮ್ಮ ಮದುವೆಗೆ ಆಂಟಿ ಒಂದು ಹೊಸ ರೇಷ್ಮೆ ಸೀರೆ ತಂದಿದ್ದರು, ಅದರ ಕೆಳಗೆ ಒಗೆದು ಇಸ್ತ್ರಿ ಮಾಡಿದ ಈ ಹಸಿರು ಸೀರೆ. "ಜಗಳ ಆಡೋವಾಗ ಮಧ್ಯೆ ಕಟ್ಕೊಳ್ಳಿ. ಮುಗಿದ ಮೇಲೆ ಮರೀದೆ ಸರಿಸಿ" ಎಂದು ನಕ್ಕಿದ್ದರು. ಆಮೇಲೆ ಅವರು ತಂಗಿಯ ಮನೆಗೆಂದು ಮೈಸೂರಿಗೆ ಹೋದರು. ಫೋನಿನಲ್ಲಿ ಮಾತು ಕಡಿಮೆಯಾಗುತ್ತಾ ಬಂತು. ಅವರು ತೀರಿಹೋದ ಸುದ್ದಿ ನಮಗೆ ಸಿಕ್ಕಿದ್ದು ಹಿಟ್ಟಿನ ಗಿರಣಿಯವರಿಂದ, ರಾಗಿ ಬೀಸಿಸಲು ಹೋದಾಗ, ಎಲ್ಲ ಮುಗಿದು ಎಷ್ಟೋ ದಿನಗಳ ಮೇಲೆ.

ಈ ಭಾನುವಾರ ನಮ್ಮನೆಯವರ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದುದೂ ಅದೇ ಆಟ. ಎರಡು ರಾಜ್ಯದ ಹಗೆತನವನ್ನು ಹೀಗೇ ಉಳಿಸಬೇಕೇ, ಅಥವಾ ಎರಡೂ ಕಡೆಯವರು ಮಾತಾಡಿಕೊಂಡು ಜೊತೆಯಾಗಿ ಆಡಲು ಬಿಡಬೇಕೇ ಎಂದು ಆಟ ನಡೆಸುವವರು ಎಲ್ಲರ ಮತ ಕೇಳಿದ್ದರು. ವಾರದಿಂದ ಮನೆಯಲ್ಲಿ ಇದೇ ಚರ್ಚೆ ನಡೆದಿತ್ತು.

"ಈಗ ಆಡೋರೇ ಕಮ್ಮಿ ಕಣೇ. ಇರೋರನ್ನೂ ಎರಡು ಪಾಲು ಮಾಡಿದ್ರೆ ಆಟ ಉಳಿಯುತ್ತಾ?" ಎಂಬುದು ಅವರ ವಾದ. "ಮನೇಲಿ ಒಂದೇ ಪಾತ್ರೆ ಅನ್ನ ತಿಂತೀವಿ. ಅಲ್ಲಿ ಮಾತ್ರ ಒಂದು ಗುಹೆಗೂ ಜೊತೇಲಿ ಹೋಗಂಗಿಲ್ಲ."

"ಎದುರಿಗೆ ನೀವಿಲ್ದೆ ನಾನ್ ಯಾರನ್ನ ಸೋಲಿಸ್ಲಿ? ಡ್ರ್ಯಾಗನ್ನನ್ನಾ? ಅದು ತಿರುಗಿ ರೇಗಿಸುತ್ತಾ?" ಎಂಬುದು ನನ್ನದು. ಅತ್ತೆಯ ಮುಂದೆ ನಾನು ಅವರನ್ನು ಬಹುವಚನದಲ್ಲೇ ಮಾತಾಡಿಸುವುದು. ಆಟದ ಒಳಗೆ ಆ ಕಟ್ಟುಪಾಡಿಲ್ಲ.

ಅತ್ತೆ ಇಷ್ಟೂ ಕಥೆ ಕೇಳಿ ಸೀರೆಯನ್ನು ಮಡಿಲಿಗೆ ಎಳೆದುಕೊಂಡರು. "ನೀವಿಬ್ರೂ ಒಂದೇ ಕಡೆ ಆದ್ರೆ ಕೊನೆಗೆ ನನ್ ಮೇಲೆ ಬೀಳ್ತೀರ. ಹಂಗೇ ಇರ್ಲಿ ಬಿಡ್ರಪ್ಪ" ಎಂದರು. ಆಮೇಲೆ ಮೆಲ್ಲಗೆ, "ಇದ್ರ ಮೇಲೆ ಸಂಡಿಗೆ ಇಡ್ಲಾ, ಬೇಡ್ವಾ?" ಎಂದು ಕೇಳಿದರು.

ಆಂಟಿ ಇದ್ದಿದ್ದರೆ ಹಿಟ್ಟು ಆರಿಹೋಗುತ್ತೆ, ಮೊದಲು ಇಡಿ ಅನ್ನುತ್ತಿದ್ದರು. ಮಹಡಿಗೆ ಹೋಗಿ ಮೂವರೂ ಆ ಸೀರೆಯನ್ನು ಬಿಸಿಲಿಗೆ ಹರಡಿ ನಾಲ್ಕು ಮೂಲೆಗೂ ಕಲ್ಲಿಟ್ಟೆವು. ಸಾಲುಸಾಲಾಗಿ ಸಂಡಿಗೆ ಇಟ್ಟೆವು. ಕೆಳಗೆ ಬಂದು, ಕೈ ತೊಳೆದು, ನಮ್ಮನೆಯವರು ಗೋಡೆ ಬೇಡ ಎಂದು ಮತ ಒತ್ತಿದರು, ನಾನು ಇರಲಿ ಎಂದು ಒತ್ತಿದೆ.

ಸಂಡಿಗೆ ಒಣಗಿ ಡಬ್ಬಕ್ಕೆ ಸೇರುವ ಹೊತ್ತಿಗೆ ಫಲಿತಾಂಶ ಬಂತು. ಅವರು ಗೆದ್ದಿದ್ದರು. ಯುದ್ಧ ಬೇಕೆನ್ನುವವರಿಗೆ ಯುದ್ಧ ಉಳಿದಿತ್ತು, ಆದರೆ ಮಾತಿಗೆ ಇನ್ನು ತಡೆಯಿರಲಿಲ್ಲ.

ಆ ಸಂಜೆ ನಾನು ಕೋಣೆಯಲ್ಲಿ ಕೂತು ಆಟ ತೆರೆದೆ, ಅವರು ನಡುಮನೆಯಲ್ಲಿದ್ದರು. ಸುಮ್ಮನೆ ಸೇತುವೆಯ ಕಡೆ ಹೋದೆ. ನೀಲಿ ಬಾವುಟದ ಸವಾರ ಆಗಲೇ ಅಲ್ಲಿ ಕುದುರೆ ನಿಲ್ಲಿಸಿದ್ದ. ಕುದುರೆಯಿಂದಿಳಿದು ನಾನು ಕಟ್ಟೆಯ ಮೇಲೆ ಕೂರಲು ಹೋದೆ. ಇಷ್ಟು ವರ್ಷ ಗೋಜಲು ಅಕ್ಷರ ಬೀಳುತ್ತಿದ್ದ ಜಾಗದಲ್ಲಿ ಮೊದಲ ಸಲ ಅವರ ಮಾತು ಓದಲು ಬಂತು.

"ಸ್ವಲ್ಪ ಈ ಕಡೆ ಬಾರೇ. ಆಂಟಿ ಜಾಗ ಬಿಟ್ಟು ಕೂತ್ಕೋ."

ನಾನು ಸರಿದು ಕೂತೆ.