ಒರೆಸುವ ಮುಂಚೆ ಕೇಳುವ ಹುಲ್ಲಪ್ಪ

ಹೊತ್ತು ಮೂಡುವ ಮುಂಚೆಯೇ ಹುನಗುಂದ–ಇಳಕಲ್ ರಸ್ತೆ ಬದಿಯ ಬೇವಿನ ಮರದ ಕೆಳಗೆ, ಗಾಡಿಗಳ ಮೇಲೆ ಸಿಡಿದ ಬಣ್ಣ ತೆಗೆಯುವ ಹುಲ್ಲಪ್ಪ ನೀಲಿ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕಾರು ನನ್ನದೇ. ಆಗಷ್ಟೇ ಪಟ್ಟೆ ಬಳಿದ ರಸ್ತೆಯಲ್ಲಿ ಅವಸರ ಮಾಡಿದ್ದಕ್ಕೆ ಬಾಗಿಲ ತುಂಬ ಬಿಳಿ ಬಣ್ಣ ಸಿಡಿದಿದೆ. ಅದು ಸಾಲದೆಂದು ನಾನೇ ಜಾಣತನ ತೋರಿಸಲು ಹೋಗಿ ಎರಡು ಗೀರು ಹಾಕಿಕೊಂಡಿದ್ದೇನೆ. ಹುಲ್ಲಪ್ಪ ಗೀರಿನ ಮೇಲೆ ಬೆರಳಾಡಿಸಿ, "ಬ್ಲೇಡ್ ಹಚ್ಚಿದವರು ಯಾರ್ರಿ?" ಎನ್ನುತ್ತಾರೆ. ಯಾರೋ ಮೆಕ್ಯಾನಿಕ್ ಎನ್ನುತ್ತೇನೆ. ಅವರು ನಂಬುವುದಿಲ್ಲ.

"ಮೊದಲ ನೀರ್ರಿ. ಧೂಳಿನ ಮ್ಯಾಲೆ ಒರಸಿದ್ರ ಧೂಳಾನ ಗೀರ ಹಾಕ್ತೈತಿ." ಸೋಪಿನ ನೀರಿನಲ್ಲಿ ತೊಳೆದು, ಬಣ್ಣದ ಹನಿಗಳ ಮೇಲೆ ಶೇಂಗಾ ಎಣ್ಣೆಯಲ್ಲಿ ಅದ್ದಿದ ಅರಳೆ ಇಟ್ಟು ಕಾಯುತ್ತಾರೆ. ಮೆತ್ತಗಾದ ಮೇಲೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಎಬ್ಬಿಸುತ್ತಾರೆ. ಜಗ್ಗದಿದ್ದರೆ ಮಾತ್ರ ಥಿನ್ನರ್, ಅದೂ ಬಾಗಿಲ ಒಳಅಂಚಿನಲ್ಲಿ ಒಂದು ಚುಕ್ಕೆ ಹಚ್ಚಿ, ಗಾಡಿಯ ಬಣ್ಣ ಬಟ್ಟೆಗೆ ಹತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ. ಕೊನೆಗೆ ಮತ್ತೆ ತೊಳೆದು ಪಾಲಿಶ್. ದಿನಕ್ಕೆ ಎರಡು ಗಾಡಿ, ಹೆಚ್ಚೆಂದರೆ ಮೂರು. ಹದಿನೆಂಟು ವರ್ಷದ ಥಿನ್ನರ್ ವಾಸನೆಗೆ ಮೂಗು ಸತ್ತುಹೋಗಿ, ಹೆಂಡತಿ ರೇಣವ್ವ ಪಕ್ಕದಲ್ಲೇ ಒಗ್ಗರಣೆ ಹಾಕಿದರೂ ತಿಳಿಯುವುದಿಲ್ಲವಂತೆ.

ಆದರೆ ಮನುಷ್ಯ ತಲೆ ತಿನ್ನುತ್ತಾರೆ. ಒಂದೊಂದು ಕಲೆಗೂ, "ಇದು ಇರಲೋ, ತೆಗೀಲೋ?" ಎಂದು ಕೇಳುತ್ತಾರೆ. ನನಗೆ ರೇಗುತ್ತದೆ. "ಎಲ್ಲಾ ತೆಗೀರಿ ಅಂದೆನಲ್ಲ!" ಹುಲ್ಲಪ್ಪ ಕೈಯಲ್ಲಿದ್ದ ಬಟ್ಟೆ ಕೆಳಗಿಡುತ್ತಾರೆ.

"ಹಂಗ ಕೇಳದ ಒಮ್ಮೆ ತೆಗದೇನ್ರಿ. ಅದಕ್ಕ ಕೇಳ್ತೇನಿ."

ಎರಡು ವರ್ಷದ ಹಿಂದಿನ ಮಾತು. ಗುಡೂರಿನ ಕಾಶಪ್ಪನವರು ಮನೆಗೆ ಬಣ್ಣ ಹೊಡೆಸುವಾಗ ಗೋಡೆ ಪಕ್ಕ ನಿಲ್ಲಿಸಿದ್ದ ಕೆಂಪು ಟೆಂಪೋ ಮೇಲೆಲ್ಲ ಬಿಳಿ ಬಣ್ಣ ಸಿಡಿದಿತ್ತು. ಡ್ರೈವರ್ ತಂದು ಬಿಟ್ಟು ಹೋದ. ಹುಲ್ಲಪ್ಪ ಇಡೀ ದಿನ ಕೂತು ಒಂದು ಹನಿ ಬಿಡದೆ ತೆಗೆದರು. ಹಿಂದಿನ ಬಾಗಿಲಲ್ಲಿ ಅಂಗೈಯಗಲದ ಬಿಳಿ ಕಲೆಯೊಂದಿತ್ತು. ಹಳೆಯದು, ಗಟ್ಟಿಯಾಗಿ ಕೂತಿತ್ತು. ಅದನ್ನೂ ಬಿಡಲಿಲ್ಲ.

ದೀಪಾವಳಿ ಪಾಡ್ಯದಂದು ಎತ್ತುಗಳ ಮೈಮೇಲೆ ಬಣ್ಣದ ಕೈ ಅಚ್ಚು ಒತ್ತುವುದುಂಟಲ್ಲ, ಎತ್ತಿಲ್ಲದ ಕಾಶಪ್ಪನವರ ಮನೆಯಲ್ಲಿ ಟೆಂಪೋ ಮೇಲೆ ಒತ್ತಿದ್ದರು. ಒತ್ತಿದವಳು ಏಳು ವರ್ಷದ ಮಗಳು ಶೀಲಾ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಳು.

"ಸಂಜೀಕ ಗಾಡಿ ಒಯ್ಯಾಕ ಬಂದ ಕಾಶಪ್ಪನವರು ಬಾಗಲಾ ಸವರಿದ್ರು. 'ಇಲ್ಲಿದ್ದ ಕೈ ಎಲ್ಲಿ?' ಅಂದ್ರು. ನಾ ಕಲೀ ಅಂತ ತಿಳದಿದ್ನಿರಿ. ಒರಸಿದ ಬಟ್ಟೀನೂ ಒಗದಬಿಟ್ಟಿದ್ದೆ." ಹುಲ್ಲಪ್ಪ ಮುಖ ಆಚೆ ತಿರುಗಿಸುತ್ತಾರೆ. ಆಮೇಲೆ ಮೂರು ಸಲ ಗುಡೂರಿಗೆ ಹೋಗಿದ್ದಾರೆ. ಮೂರು ಸಲವೂ ಶೀಲಾಳ ತಾಯಿ ಸಂಗವ್ವ ಚಹಾ ಕೊಟ್ಟರು, ಕಾಶಪ್ಪ ಹೊರಗೆ ಬರಲಿಲ್ಲ. "ಒಮ್ಮೆ ಬಾಯಿತುಂಬ ಬೈದಬಿಟ್ಟಿದ್ರ ಸಾಕಿತ್ರಿ" ಎನ್ನುತ್ತಾರೆ. ರೇಗಿದ್ದಕ್ಕೆ ನನಗೆ ನಾಚಿಕೆಯಾಗುತ್ತದೆ.

ಬಿಸಿಲೇರುವ ಹೊತ್ತಿಗೆ ಕೆಂಪು ಟೆಂಪೋ ಒಂದು ಬಂದು ಮರದ ಕೆಳಗೆ ನಿಲ್ಲುತ್ತದೆ. ನನ್ನ ಹಾಗೆಯೇ ಹಸಿ ಪಟ್ಟೆ ತುಳಿದ ಗಾಡಿ. ಹುಲ್ಲಪ್ಪ ಎದ್ದು ನಿಲ್ಲುತ್ತಾರೆ. ಅವರ ಮುಖ ನೋಡಿಯೇ ಇಳಿದವರು ಯಾರೆಂದು ನನಗೆ ಗೊತ್ತಾಗುತ್ತದೆ.

ಕಾಶಪ್ಪ ಕೀಲಿ ಚಾಚುತ್ತಾರೆ. "ಬಾಜೂಕ ಸಿಡದದ್ದಷ್ಟ ತೆಗಿ. ಹಿಂದಿನ ಬಾಗಲಾ ಮುಟ್ಟಬ್ಯಾಡಪಾ."

"ಇಲ್ರಿ, ಮುಟ್ಟೂದಿಲ್ರಿ."

ಹಿಂದಿನ ಬಾಗಿಲಲ್ಲಿ ಈಗ ಮುಟ್ಟಲು ಏನೂ ಇಲ್ಲ. ಬರೀ ಕೆಂಪು ಬಣ್ಣ, ಅದರ ಮೇಲೆ ದಾರಿಯ ಧೂಳು. ಆದರೂ ಹುಲ್ಲಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನೀರು ಸಿಡಿಯದಂತೆ ಅದಕ್ಕೆ ಹೊದಿಸುತ್ತಾರೆ. ಕಾಶಪ್ಪ ಕಲ್ಲಿನ ಮೇಲೆ ಕೂತು ನೋಡುತ್ತಾರೆ. ಮಧ್ಯಾಹ್ನ ಟೆಂಪೋ ಹೊರಟಾಗ ಮೂರು ಬದಿ ಫಳಫಳ, ಹಿಂದಿನ ಬಾಗಿಲ ಮೇಲೆ ಧೂಳು ಹಾಗೇ ಇದೆ.

ಅದು ತಿರುವಿನಲ್ಲಿ ಮರೆಯಾಗುವವರೆಗೂ ಹುಲ್ಲಪ್ಪ ರಸ್ತೆಯಲ್ಲೇ ನಿಂತಿರುತ್ತಾರೆ.

"ನನ್ನ ಕೈಯಾಗ ಅರ್ಧಾ ಉಳದದ್ದು ಇದೊಂದ ಗಾಡಿರಿ," ಎನ್ನುತ್ತಾರೆ. "ಆದ್ರೂ ಇದನ್ನ ಛಲೋ ಮಾಡೇನಿ."