ಅಳತೆಯ ನೀರು

ಮಾವನ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದೂ ರೋಮವಿರಲಿಲ್ಲ. ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ದೋಸೆ ಕಾವಲಿಯ ಮೇಲೆ ಚಾಚಿದ ಕೈ ಅದು. ಬೆಂದು, ನುಣುಪಾಗಿ, ಬೇರೆ ಯಾರದೋ ಕೈಯಂತೆ ಹೊಳೆಯುತ್ತಿತ್ತು. ಅತ್ತೆಯನ್ನು ಕೇಳಿದರೆ ಎಡಗೈ ಅನ್ನುತ್ತಾರೆ. ಇರಬಹುದು. ಸತ್ತವರ ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಉಳಿದವರ ನೆನಪನ್ನಂತೂ ಇನ್ನೂ ಕಡಿಮೆ.

ಅವರು ತೀರಿದ ಮೇಲೆ ಡೊಂಬಿವಲಿಯಲ್ಲಿ ನಡೆದ ಸಭೆಯಲ್ಲಿ ಒಬ್ಬರು, "ಯಾರಿಂದಲೂ ಏನನ್ನೂ ಬಯಸದ ಜೀವ" ಎಂದರು. ಎಲ್ಲರೂ ತಲೆಯಾಡಿಸಿದರು. ಅರ್ಧ ನಿಜ. ನಸುಕಿನ ಲೋಕಲ್ ರೈಲು ಹಿಡಿದು, ಠಾಣೆ ಸ್ಟೇಷನ್ನಿನಲ್ಲಿ ಇಳಿದು, ರಬಾಳೆಯ ಗಾಡಿಗೆ ಓಡುತ್ತಿದ್ದ ಮನುಷ್ಯ ದುಡಿದು ಮನೆಗೆ ಬಂದರೆ, ಅವರ ಚಾಪೆಯ ಮೇಲೆ ಕುಂದಾಪುರದಿಂದ ಕೆಲಸ ಹುಡುಕಿಕೊಂಡು ಬಂದ ಯಾರಾದರೂ ಮಲಗಿರುತ್ತಿದ್ದರು. ಹಾಗೆ ಬಂದವರಲ್ಲಿ ಅವರ ತಂಗಿಯ ಮಗನಾದ ನಾನೂ ಒಬ್ಬ. ಬಂದವನು ಅಲ್ಲೇ ಉಳಿದುಬಿಟ್ಟೆ. ಮಾವ ಹೊರಗೆ ಪ್ಯಾಸೇಜಿನಲ್ಲಿ, ಚಪ್ಪಲಿಗಳ ಪಕ್ಕದಲ್ಲಿ ಮಲಗುತ್ತಿದ್ದರು.

"ನಂಗೆ ಗಾಳಿ ಬೇಕ್ ಮಾರಾಯ," ಎನ್ನುತ್ತಿದ್ದರು.

ಒಳಗಿನಿಂದ ಅತ್ತೆ, "ಹ್ವಾಯ್, ಹಾಂಗಾರೆ ಮನೆ ಎಂತಕ್ ತಕಂಡದ್ದ್? ಪ್ಲಾಟ್‌ಫಾರ್ಮೇ ಸಾಕಿತ್ತಲ್ದಾ!"

ಆದರೆ ಬಯಸಲಿಲ್ಲ ಎನ್ನುವುದು ಸುಳ್ಳು. ಕೊನೆಯ ವರ್ಷ ಅವರು ನೀರು ಬಯಸಿದರು.

ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಕಲ್ಯಾಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಕುಡಿದ ನೀರು ಮೈಯಲ್ಲೇ ನಿಂತು ಉಸಿರು ಕಟ್ಟಿಸುತ್ತದೆ, ಆದ್ದರಿಂದ ದಿನಕ್ಕೆ ಒಂದು ಪುಟ್ಟ ಬಾಟ್ಲಿ, ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಬೆಳಿಗ್ಗೆ ಅದನ್ನು ತುಂಬಿ ದೇವರ ಫೋಟೊದ ಪಕ್ಕ ಇಡುತ್ತಿದ್ದರು. ಮಾವ ಮಧ್ಯಾಹ್ನದೊಳಗೆ ಮುಗಿಸಿ, ಆಮೇಲೆ ಬೇಡಲು ಶುರುಮಾಡುತ್ತಿದ್ದರು.

"ಒಂದ್ ಗುಟುಕ್, ಹೆಣೆ."

"ಬ್ಯಾಡ."

"ನಾಲ್ಗಿ ಒಣಗಿ ಅಂಟ್ತಿತ್ತ್."

"ಪಪ್ಪಾ, ಡಾಕ್ಟರ್‌ನೇ ಮನಾ ಕಿಯಾ ಹೈ ನಾ," ಎಂದು ಡಾಕ್ಟರು ಬೇಡವೆಂದದ್ದನ್ನು ಹಿಂದಿಯಲ್ಲಿ ನೆನಪಿಸುತ್ತಿದ್ದ ಇಲ್ಲೇ ಹುಟ್ಟಿ ಬೆಳೆದ ಅವರ ಮಗ, ಮೊಬೈಲಿನಿಂದ ತಲೆಯೆತ್ತದೆ. ಎತ್ತಿದರೆ ಅವನಿಗೆ ಅಳು ಬರುತ್ತಿತ್ತು.

ಒಮ್ಮೆ ಮಾವ ಬಚ್ಚಲಿಗೆ ಚಿಲಕ ಹಾಕಿಕೊಂಡು ಬಕೆಟಿನ ನೀರು ಕುಡಿದರು. ಅತ್ತೆ ಬಾಗಿಲು ಬಡಿದರೆ ಒಳಗಿನಿಂದ, "ಮುಖ ತೊಳಿತಿದ್ದೆ" ಎಂದರು. ಸಂಜೆಯೊಳಗೆ ಉಸಿರು ಸಿಗದಂತಾಯಿತು. ರಿಕ್ಷಾದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ನನ್ನ ಶರ್ಟು ಹರಿಯುವಂತೆ ಹಿಡಿದು, "ಬಿಡಬ್ಯಾಡ, ನಂಗ್ ಸಾಯುಕ್ ಮನ್ಸಿಲ್ಲೆ" ಎಂದರು. ಇದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ.

ಆ ಸಲ ಬದುಕಿ ಮನೆಗೆ ಬಂದರು. ಅತ್ತೆ ಬಚ್ಚಲಿನ ಚಿಲಕ ಕೀಳಿಸಿದರು, ನೆರೆಯವರಿಗೆಲ್ಲ ಹೇಳಿಟ್ಟರು. ಮಾವ ಗೋಡೆ ಹಿಡಿದು ನಡೆದುಹೋಗಿ ಎದುರುಮನೆಯ ಬೆಲ್ ಒತ್ತುತ್ತಿದ್ದರು. ಅಲ್ಲಿಯ ಮರಾಠಿ ಅಜ್ಜಿ "ನಾಹೀ ಹೋ, ಭಾವೂ" ಎಂದು ಅಳುತ್ತ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಕಟ್ಟಡದಲ್ಲಿ ಮಾವನ ಕೈಯೂಟ ಉಣ್ಣದವರಿರಲಿಲ್ಲ. ನೀರು ಕೊಡುವವರು ಒಬ್ಬರೂ ಇರಲಿಲ್ಲ. ದನಿಯೇರಿಸಿ ಮಾತಾಡಿದ್ದನ್ನೇ ನಾನು ಕಂಡಿರದ ಮನುಷ್ಯ ಅತ್ತೆಯನ್ನು "ರಾಕ್ಷಸಿ" ಎಂದು ಕೂಗಿದರು.

"ಹೌದ್, ರಾಕ್ಷಸಿಯೇ," ಎಂದರು ಅತ್ತೆ. "ನೀವ್ ಬದ್ಕಿ ಇರಿ. ದಿನಾ ಬೈದ್ಕಣಿ."

ಆಮೇಲೆ ಒಂದು ಮಧ್ಯಾಹ್ನ ಡಾಕ್ಟರು ಅತ್ತೆಯನ್ನೂ ನನ್ನನ್ನೂ ವಾರ್ಡಿನ ಹೊರಗೆ ಕರೆದರು. ಹೃದಯ ಇನ್ನು ಡಯಾಲಿಸಿಸ್ ತಡೆಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. "ಅಬ್ ಜೋ ಮಾಂಗೇ, ದೇ ದೋ." ಇನ್ನು ಕೇಳಿದ್ದು ಕೊಡಿ.

ಮನೆಯವರು ಈಗ ಹೇಳುವ ಕಥೆಯಲ್ಲಿ ಮಾವ ಹೊಟ್ಟೆ ತುಂಬ ನೀರು ಕುಡಿದು, ನಗುತ್ತ, ಅತ್ತೆಯ ಕೈ ಹಿಡಿದುಕೊಂಡೇ ಹೋದರು. ನಾನು ಅಲ್ಲಿಯೇ ಇದ್ದೆ.

ಮನೆಗೆ ಕರೆತಂದ ಮೇಲೆ ಅತ್ತೆ ದೊಡ್ಡ ಸ್ಟೀಲ್ ಲೋಟದ ತುಂಬ ನೀರು ತಂದರು. ಮಾವ ಎರಡೂ ಕೈಯಲ್ಲಿ ಕಸಿದುಕೊಂಡು ತುಟಿಯವರೆಗೆ ತಂದರು. ಅಲ್ಲಿಗೇ ನಿಲ್ಲಿಸಿದರು. ಲೋಟ ನೋಡಿದರು. ಅತ್ತೆಯ ಮುಖ ನೋಡಿದರು.

"ಡಾಕ್ಟರ್ ಎಂತ ಅಂದ್ರ್?"

"ಕುಡೀಲಿ ಅಂದ್ರ್."

"ಇಷ್ಟೂ? ಇನ್ನ್ ಅಳ್ತಿ ಇಲ್ಯಾ?"

ಅತ್ತೆ ಕಿಟಕಿಯ ಕಡೆ ತಿರುಗಿದರು. ತುಂಬಿದ ಲೋಟದಿಂದ ನೀರು ಮಾವನ ಬನಿಯನ್ನಿನ ಮೇಲೆ ತುಳುಕಿತು. ಅವರು ಲೋಟವನ್ನು ಹಿಂದಕ್ಕೆ ಚಾಚಿದರು.

"ಕಮ್ಮಿ ಮಾಡ್ಕಂಡ್ ಬಾ."

ಅತ್ತೆ ಅಡುಗೆಮನೆಗೆ ಹೋಗಿ ಅರ್ಧ ಚೆಲ್ಲಿ ತಂದರು. ಮಾವ ಲೋಟದೊಳಗೆ ಇಣುಕಿ ನೋಡಿದರು.

"ಇನ್ನೂ ಕಮ್ಮಿ."